ಮನೆಮಂದಿಯೆಲ್ಲ ಹಿಮಕ್ಕೆ ಹೊರಟರೆ: ಚಿಕ್ಕಮಗಳೂರು, ಹಾಸನದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಚಿಕ್ಕಮಗಳೂರು. ಪೇಟೆಯಲ್ಲಿ ಮನೆ, ಆಲ್ದೂರಿನ ಹತ್ತಿರ ಸ್ವಲ್ಪ ಕಾಫಿ ತೋಟ. ಇದುವರೆಗೆ ನಾಲ್ಕು ಸಲ ಹಿಮದ ಕಡೆ ಹೋಗಿ ಬಂದಿದ್ದೇವೆ. ಹಿಮಾಚಲದ ಸೋಲಾಂಗ್ ಒಂದು ಸಲ, ಉತ್ತರಾಖಂಡದ ಔಲಿ ಒಂದು ಸಲ, ಕಾಶ್ಮೀರದ ಗುಲ್ಮಾರ್ಗ್ ಎರಡು ಸಲ. ಅಲ್ಲಿಂದ ಶುರುವಾಯಿತು ನೋಡಿ. ಯಾರ ಮನೆ ಮದುವೆಗೆ ಹೋದರೂ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಒಬ್ಬರು ಪಕ್ಕಕ್ಕೆ ಬರುತ್ತಾರೆ. ‘ಮಕ್ಕಳಿಗೆ ಸ್ಕೀಯಿಂಗ್ ಮಾಡಿಸಬೇಕಿತ್ತು, ಎಲ್ಲಿಗೆ ಹೋಗೋದು?’ ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ದರ ಮಾತ್ರ ಬರೆದಿಲ್ಲ. ಅದು ವರ್ಷ ವರ್ಷ ಬದಲಾಗುತ್ತದೆ, ಸುಮ್ನೆ ದಾರಿ ತಪ್ಪಿಸಿದ ಹಾಗಾಗುತ್ತದೆ.

ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಮೊದಲು ಏನು ಯೋಚಿಸಬೇಕು?

ನಿಮಗೆ ಬೇಕಿರುವುದು ಸ್ಕೀಯಿಂಗಾ, ಇಲ್ಲ ಬರೀ ಹಿಮವಾ? ಇದನ್ನು ಮನೆಯಲ್ಲಿ ಕೂತು ಮಾತಾಡಿ. ಹಿಮದಲ್ಲಿ ಆಡಬೇಕು, ಗೊಂಬೆ ಮಾಡಬೇಕು, ಫೋಟೊ ಬೇಕು ಅಂದರೆ ಎರಡು ದಿನ ಸಾಕು, ಯಾವ ಜಾಗವಾದರೂ ನಡೆಯುತ್ತದೆ. ಸ್ಕೀ ಕಲಿಯಬೇಕು ಅಂದರೆ ಅದು ಬೇರೆಯದೇ ಪ್ರಯಾಣ. ಒಂದೇ ಕಡೆ ಕನಿಷ್ಠ ನಾಲ್ಕು ದಿನ ಇರಬೇಕು.

ನಾವು ಇದನ್ನು ಯೋಚಿಸದೆ ಮೊದಲ ಸಲ ಸೋಲಾಂಗ್‌ಗೆ ಹೋದೆವು. ಟ್ರಾವೆಲ್ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ‘ಸ್ಕೀಯಿಂಗ್ ಸೇರಿದೆ’ ಅಂತ ಇತ್ತು. ಅಲ್ಲಿ ಹೋಗಿ ನೋಡಿದರೆ ನಮ್ಮ ಕಾಫಿ ಕಣದಷ್ಟು ಜಾಗ, ಕೆಸರು ಬೆರೆತ ಹಿಮ, ನೂರಾರು ಜನ. ಒಬ್ಬ ಹುಡುಗ ಬಂದು ಮಗಳಿಗೆ ಬೂಟು ಹಾಕಿದ. ಎರಡೂ ಕೈ ಹಿಡಿದು ಇಪ್ಪತ್ತು ಹೆಜ್ಜೆ ಎಳೆದುಕೊಂಡು ಹೋದ. ಫೋಟೊ ತೆಗೆದ. ‘ಹೋಗಯಾ ಸಾಬ್’ ಅಂದ. ಮಗಳು ನನ್ನ ಮುಖ ನೋಡಿ ‘ಅಪ್ಪಾ, ಇಷ್ಟೇನಾ?’ ಅಂದಳು. ಚಿಕ್ಕಮಗಳೂರಿನಿಂದ ಅಲ್ಲಿವರೆಗೆ ಹೋಗಿದ್ದು ಇಷ್ಟಕ್ಕೇನಾ ಅಂತ ನನಗೂ ಅನಿಸಿತು. ಆದರೆ ತಪ್ಪು ಸೋಲಾಂಗ್‌ದಲ್ಲ. ದಿನಕ್ಕೆ ಎಷ್ಟು ಗಂಟೆ ಕಲಿಸುತ್ತಾರೆ, ಯಾರು ಕಲಿಸುತ್ತಾರೆ ಅಂತ ನಾವು ಕೇಳಿರಲೇ ಇಲ್ಲ.

ಹಾಗಾದರೆ ಮೊದಲ ಸಲಕ್ಕೆ ಯಾವ ಜಾಗ?

ನಮ್ಮ ದೇಶದೊಳಗೆ ಅಂದರೆ ಗುಲ್ಮಾರ್ಗ್. ಎಲ್ಲರೂ ಅದರ ಗೊಂಡೊಲಾ ಅನ್ನುವ ಕೇಬಲ್ ಕಾರಿನ ಬಗ್ಗೆ, ಅಫರ್ವತ್ ಬೆಟ್ಟದ ಎತ್ತರದ ಬಗ್ಗೆ ಹೇಳುತ್ತಾರೆ. ನಾನು ಹೇಳುವ ಕಾರಣ ಅದಲ್ಲ. ಊರಿನ ನಡುವೆ ಬೋಗುಣಿಯ ಹಾಗೆ ಇರುವ ದೊಡ್ಡ ಬಯಲು ಕಾರಣ. ಬೇಸಿಗೆಯಲ್ಲಿ ಅದು ಗಾಲ್ಫ್ ಮೈದಾನ. ಚಳಿಗಾಲದಲ್ಲಿ ಅದರ ಅಂಚಿನ ಸಣ್ಣ ಇಳಿಜಾರುಗಳೇ ಕಲಿಯುವವರ ಜಾಗ. ಮೇಲಕ್ಕೆ ಎಳೆದುಕೊಂಡು ಹೋಗಲು ಸಣ್ಣ ಲಿಫ್ಟ್‌ಗಳಿವೆ. ಇಳಿಜಾರು ಹೋಗಿ ಹೋಗಿ ಸಮತಟ್ಟಾಗುತ್ತದೆ. ಬ್ರೇಕ್ ಹಾಕಲು ಬರದಿದ್ದರೂ ಕೊನೆಗೆ ತಾನೇ ನಿಲ್ಲುತ್ತೀರಿ.

ಹೊಸಬರು ಬೆಟ್ಟ ನೋಡಿ ಜಾಗ ಆರಿಸುತ್ತಾರೆ. ನೋಡಬೇಕಾದ್ದು ಗದ್ದೆ. ಬಯಲಿಗೆ ಇಳಿಯುವ ಹಕ್ಕಲು ಗದ್ದೆಯ ಹಾಗಿರುವ, ಅಗಲವಾದ, ಮರ ಕಲ್ಲು ಇಲ್ಲದ ಇಳಿಜಾರು ಇದೆಯಾ? ಇದ್ದರೆ ಅಲ್ಲಿ ಮನೆಮಂದಿ ಕಲಿಯಬಹುದು. ಮೊದಲ ನಾಲ್ಕು ದಿನ ನೀವು ಅದನ್ನು ಬಿಟ್ಟು ಮೇಲೆ ಹೋಗುವುದೇ ಇಲ್ಲ.

ಔಲಿ, ಸೋಲಾಂಗ್, ನಾರ್ಕಂಡ ಇವೆಲ್ಲ ಹೇಗೆ?

ಔಲಿ ನೋಡಲು ಬಲು ಚೆಂದ. ಎದುರಿಗೆ ನಂದಾದೇವಿ, 7,816 ಮೀಟರ್. ಇಳಿಜಾರುಗಳೂ ಒಳ್ಳೆಯವು. ಗಢವಾಲ್ ಮಂಡಲ ವಿಕಾಸ ನಿಗಮದವರು 7 ದಿನ, 14 ದಿನದ ಸ್ಕೀ ಕೋರ್ಸ್ ನಡೆಸುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನು ಅಲ್ಲಿಗೆ ಕಳಿಸಿ ಅಂತಲೇ ಹೇಳುತ್ತೇನೆ. ಮನೆಮಂದಿಗೆ ಕಷ್ಟ ಇರುವುದು ದಾರಿಯಲ್ಲಿ. ಹೃಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ., ಪೂರ್ತಿ ಬೆಟ್ಟದ ರಸ್ತೆ. ಬೆಳಿಗ್ಗೆ ಹೊರಟರೆ ಸಂಜೆ. ಚಾರ್ಮಾಡಿ ಘಾಟಿಯಲ್ಲೇ ವಾಂತಿ ಮಾಡಿಕೊಳ್ಳುವ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದನ್ನು ನೀವೇ ಊಹಿಸಿಕೊಳ್ಳಿ. ಜೋಶಿಮಠದಿಂದ ಔಲಿಗೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇತ್ತು. 2023ರ ಜನವರಿಯಲ್ಲಿ ಆ ಊರಿನ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಿದರು. ರೋಪ್‌ವೇ ನಂಬಿಕೊಂಡು ಹೋಟೆಲ್ ಬುಕ್ ಮಾಡಬೇಡಿ. ಓಡುತ್ತಿದೆಯಾ ಅಂತ ಫೋನ್ ಮಾಡಿ ಕೇಳಿ.

ಸೋಲಾಂಗ್ ಮನಾಲಿಯಿಂದ 13 ಕಿ.ಮೀ. ಹಿಮ ನೋಡಲು, ಒಂದು ದಿನ ಆಡಲು ಸರಿ. ಅಲ್ಲಿ ಹಿಮ ಇಲ್ಲದಿದ್ದರೆ ಅಟಲ್ ಸುರಂಗ ದಾಟಿ ಲಾಹೌಲ್ ಕಡೆಯ ಸಿಸ್ಸುಗೆ ಹೋಗಬಹುದು. 9 ಕಿ.ಮೀ. ಸುರಂಗ, 2020ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಇದರಿಂದ ಮನಾಲಿಗೆ ಬಲ ಬಂದಿದೆ. ನಾರ್ಕಂಡ ಶಿಮ್ಲಾದಿಂದ 65 ಕಿ.ಮೀ. ಅಂತ ಗೊತ್ತು, ನಾನು ಹೋಗಿಲ್ಲ. ಹೋಗದ ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಹಿಮಕ್ಕೆ ಕೇಳಿದರೆ ಜನವರಿ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ. ನಮ್ಮ ಕಡೆಯವರ ಗೋಳು ಏನೆಂದರೆ ಹಿಮಕ್ಕೂ ಕಾಫಿಗೂ ಒಂದೇ ಕಾಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಮಾಲೀಕ ಕಾಶ್ಮೀರದಲ್ಲಿ ಜಾರಿಕೊಂಡಿದ್ದಾನೆ ಅಂದರೆ ಅಕ್ಕಪಕ್ಕದ ತೋಟದವರು ವರ್ಷವಿಡೀ ಆಡಿಕೊಳ್ಳುತ್ತಾರೆ. ಬರೀ ಅರೇಬಿಕಾ ಇರುವವರು ಜನವರಿ ಕೊನೆಯ ವಾರ ಹೊರಡಬಹುದು. ಗಣರಾಜ್ಯೋತ್ಸವದ ರಜೆಗೆ ಎರಡು ಮೂರು ದಿನ ಸೇರಿಸಿದರೆ ಆಯಿತು. ರೊಬಸ್ಟಾ ಇರುವವರಿಗೆ ಅದು ಸರಿಯಾಗಿ ಕೊಯ್ಲಿನ ನಡುವೆ ಬೀಳುತ್ತದೆ. ಕೊಯ್ಲು ಮುಗಿದರೆ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಗಡಿಬಿಡಿ. ತೋಟದ ಲೆಕ್ಕ ನೋಡಿಕೊಳ್ಳುವ ನಂಬಿಕೆಯ ರೈಟರ್ ಇದ್ದರೆ ಮಾತ್ರ ಧೈರ್ಯ ಮಾಡಿ. ನಮ್ಮ ರೈಟರ್ ದಿನಾ ಸಂಜೆ ಅವತ್ತು ಕೊಯ್ದ ಹಣ್ಣಿನ ತೂಕ ಹೇಳಲು ಫೋನ್ ಮಾಡುತ್ತಿದ್ದರು. ಕೊನೆಗೆ ಪ್ರತಿಸಲ ಒಂದೇ ಪ್ರಶ್ನೆ, ‘ಅಣ್ಣ, ಅಲ್ಲಿ ಎಷ್ಟು ಚಳಿ?’

ಶಾಲೆಯ ಲೆಕ್ಕ ಬೇರೆ. ದಸರಾ ರಜೆಯಲ್ಲಿ ಹಿಮ ಇರುವುದಿಲ್ಲ. ಕ್ರಿಸ್ಮಸ್ ರಜೆಯಲ್ಲಿ ಜನ ಜಾಸ್ತಿ, ಹಿಮ ಅಷ್ಟಕ್ಕಷ್ಟೆ, ಎಲ್ಲದಕ್ಕೂ ಡಬಲ್ ದುಡ್ಡು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನವನ್ನು ಚಿಲ್ಲೈ ಕಲಾನ್ ಅನ್ನುತ್ತಾರೆ. ಚಳಿಯ ತುತ್ತತುದಿ ಅದು. ನಮ್ಮ ಆರಿದ್ರೆ ಮಳೆ, ಪುನರ್ವಸು ಮಳೆ ಇದ್ದ ಹಾಗೆ ಅವರಿಗೆ ಚಳಿಗೂ ಹೆಸರಿದೆ. ಅದಾದ ಮೇಲೆ 20 ದಿನ ಚಿಲ್ಲೈ ಖುರ್ದ್, ಆಮೇಲೆ 10 ದಿನ ಚಿಲ್ಲೈ ಬಚ್ಚಾ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಚಿಲ್ಲೈ ಕಲಾನ್ ಮುಗಿದ ಮೇಲಿನ ಹದಿನೈದು ದಿನ ಸರಿಹೋಗುತ್ತದೆ. ಶಾಲೆಗೆ ಐದಾರು ದಿನ ರಜೆ ಹಾಕಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯವರು ಆ ವರ್ಷ ಈ ಯೋಚನೆಯನ್ನೇ ಬಿಡಿ.

ಹೋದಾಗ ಹಿಮವೇ ಬೀಳದಿದ್ದರೆ?

ಹಾಗೂ ಆಗುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ಹಿಮವಿರಲಿಲ್ಲ. ಒಣ ಹುಲ್ಲಿನ ಬಯಲಿನ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ತಿಂಗಳ ಕೊನೆಗೆ ಬೀಳಲು ಶುರುವಾಯಿತು. ಔಲಿಯಲ್ಲಿ ಹಿಮ ಸಾಲದೆ ಸ್ಪರ್ಧೆಗಳೇ ರದ್ದಾಗಿವೆ. ಯುರೋಪಿನ ದೊಡ್ಡ ರೆಸಾರ್ಟ್‌ಗಳಲ್ಲಿ ನೀರು ಸಿಂಪಡಿಸಿ ಹಿಮ ಮಾಡುವ ಯಂತ್ರಗಳಿರುತ್ತವೆ. ನಮ್ಮಲ್ಲಿ ಹೆಚ್ಚಾಗಿ ಆಕಾಶವನ್ನೇ ನಂಬಬೇಕು. ಹೋಟೆಲನ್ನು ಕ್ಯಾನ್ಸಲ್ ಮಾಡಲು ಬರುವ ಹಾಗೆ ಬುಕ್ ಮಾಡಿ. ಹತ್ತು ದಿನ ಮೊದಲು ಅಲ್ಲಿಯವರಿಗೆ ಫೋನ್ ಮಾಡಿ ‘ಇವತ್ತಿನ ಫೋಟೊ ಕಳಿಸಿ’ ಅನ್ನಿ. ಹೋಟೆಲಿನವರು ಹೋದ ವರ್ಷದ ಫೋಟೊ ಕಳಿಸುವುದೂ ಉಂಟು. ಕಲಿಸುವವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ.

ಕಾಶ್ಮೀರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ಭಯವಿಲ್ಲವೇ?

ಈ ಪ್ರಶ್ನೆಯನ್ನು ನಗುತ್ತಾ ತಳ್ಳಿಹಾಕುವುದು ಸರಿಯಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ತಿರ ನಡೆದ ದಾಳಿಯಲ್ಲಿ 26 ಜನ ಸತ್ತರು. ನಮ್ಮ ಪಕ್ಕದ ಶಿವಮೊಗ್ಗದವರೂ ಅವರಲ್ಲಿದ್ದರು. ಆಮೇಲೆ ಹಲವು ಪ್ರವಾಸಿ ಜಾಗಗಳನ್ನು ಮುಚ್ಚಿ, ಹಂತ ಹಂತವಾಗಿ ತೆರೆದರು. ನಾವು ಹೋದಾಗ ಜನ ಚೆನ್ನಾಗಿ ನೋಡಿಕೊಂಡರು. ಆದರೆ ಅದು ನಿಮ್ಮ ಪ್ರಯಾಣಕ್ಕೆ ಖಾತ್ರಿ ಅಲ್ಲ. ಸರ್ಕಾರದ ಸೂಚನೆ ನೋಡಿ, ಆ ವಾರದ ಸುದ್ದಿ ನೋಡಿ. ಮನೆಯಲ್ಲಿ ಒಬ್ಬರಿಗೆ ಮನಸ್ಸಿಲ್ಲ ಅಂದರೂ ಒತ್ತಾಯ ಮಾಡಬೇಡಿ, ಮನಾಲಿಗೆ ಹೋಗಿ. ಭಯ ಇಟ್ಟುಕೊಂಡು ರಜೆ ಕಳೆಯಲು ಆಗುವುದಿಲ್ಲ.

ಎಷ್ಟು ವಯಸ್ಸಿನ ಮಕ್ಕಳು ಕಲಿಯಬಹುದು?

ಯುರೋಪಿನಲ್ಲಿ ಮೂರು ನಾಲ್ಕು ವರ್ಷಕ್ಕೇ ಶುರು ಮಾಡಿಸುತ್ತಾರೆ. ಅಲ್ಲಿ ಮಕ್ಕಳಿಗೇ ಬೇರೆ ಜಾಗ, ಬೇರೆ ಸಲಕರಣೆ. ನಮ್ಮಲ್ಲಿ ಆರು ವರ್ಷ ಆಗಲಿ ಅನ್ನುತ್ತೇನೆ. ಅದಕ್ಕಿಂತ ಸಣ್ಣವರಿಗೆ ಸ್ಲೆಡ್ಜ್, ಅಂದರೆ ಹಿಮದ ಮೇಲೆ ಕೂರಿಸಿ ಎಳೆಯುವ ಹಲಗೆಬಂಡಿ, ಸಾಕು. ಹತ್ತು ಹನ್ನೆರಡರ ಮಕ್ಕಳು ಎರಡೇ ದಿನದಲ್ಲಿ ಅಪ್ಪ ಅಮ್ಮನನ್ನು ಹಿಂದೆ ಹಾಕುತ್ತಾರೆ. ನನ್ನ ಮಗ ಮೂರನೇ ದಿನ ಮೇಲಿನಿಂದ ಇಳಿದು ಬಂದು, ಬಿದ್ದಿದ್ದ ನನ್ನ ಪಕ್ಕ ನಿಂತು ‘ಏಳಪ್ಪ, ಪಕ್ಕಕ್ಕೆ ತಿರುಗಿ ಏಳು’ ಅಂತ ಪಾಠ ಹೇಳಿದ.

ಅತ್ತೆ ಮಾವ, ಅಪ್ಪ ಅಮ್ಮ ಬರಬಹುದಾ?

ಬರಬಹುದು, ಆದರೆ ಎತ್ತರದ ಲೆಕ್ಕ ಗೊತ್ತಿರಲಿ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕರ್ನಾಟಕದಲ್ಲೇ ಎತ್ತರದ ಶಿಖರ. ಗುಲ್ಮಾರ್ಗ್‌ನ ಹೋಟೆಲ್ ಬಾಗಿಲೇ 2,650 ಮೀಟರ್‌ನಲ್ಲಿದೆ. ಗೊಂಡೊಲಾದ ಮೊದಲ ಹಂತ ಕೊಂಗ್ಡೂರಿಗೆ ಹೋಗುತ್ತದೆ, ಮೂರು ಸಾವಿರ ಮೀಟರ್ ದಾಟಿದ ಜಾಗ. ಎರಡನೇ ಹಂತ ಅಫರ್ವತ್‌ನಲ್ಲಿ ಸುಮಾರು 3,950 ಮೀಟರ್‌ವರೆಗೆ ಹೋಗುತ್ತದೆ. ಅಂದರೆ ಎರಡು ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಇಟ್ಟ ಹಾಗೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಶೇಕಡ 40ರಷ್ಟು ಕಡಿಮೆ. ಗೊಂಡೊಲಾದಲ್ಲಿ ಕೂತು ಸ್ವಲ್ಪ ಹೊತ್ತಿನಲ್ಲಿ ಅಷ್ಟು ಎತ್ತರಕ್ಕೆ ಹೋದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಹೃದಯದ ತೊಂದರೆ, ಆಸ್ತಮಾ, ಬಿಪಿ ಇರುವವರು ಟಿಕೆಟ್ ತೆಗೆಯುವ ಮುಂಚೆ ತಮ್ಮ ಡಾಕ್ಟರನ್ನು ಕೇಳಬೇಕು. ಮೊದಲ ರಾತ್ರಿ ಶ್ರೀನಗರದಲ್ಲೇ ಉಳಿಯಿರಿ, ಅದು 1,585 ಮೀಟರ್. ಮರುದಿನ ಮೇಲೆ ಹೋಗಿ. ಹಿರಿಯರು, ಪುಟ್ಟ ಮಕ್ಕಳು ಮೊದಲ ಹಂತಕ್ಕೆ ಹೋಗಿ ಚಹಾ ಕುಡಿದು ಬಂದರೆ ಸಾಕು. ತಲೆನೋವು, ವಾಂತಿ, ಮಂಪರು ಶುರುವಾದರೆ ‘ಸರಿಹೋಗುತ್ತೆ’ ಅಂತ ಕಾಯಬೇಡಿ, ಕೆಳಗೆ ಇಳಿಸಿ. ನಮ್ಮ ಅತ್ತೆಗೆ ಎಪ್ಪತ್ತು. ಅವರು ಎರಡು ದಿನ ಕಿಟಕಿ ಪಕ್ಕ ಕೂತು ಹಿಮ ಬೀಳುವುದನ್ನೇ ನೋಡಿದರು. ಅವರಿಗೆ ಅಷ್ಟೇ ಬೇಕಿತ್ತಂತೆ.

ಹೋಟೆಲ್ ಆರಿಸುವಾಗ ಏನು ಕೇಳಬೇಕು?

ಸ್ವಿಮ್ಮಿಂಗ್ ಪೂಲ್ ಬೇಡ, ಬಾಲ್ಕನಿ ಬೇಡ. ಕಲಿಯುವ ಇಳಿಜಾರಿಗೆ ಎಷ್ಟು ನಡೆಯಬೇಕು ಅಂತ ಕೇಳಿ. ‘ಹತ್ತಿರ’ ಅಂದರೆ ಒಪ್ಪಬೇಡಿ, ಎಷ್ಟು ನಿಮಿಷ ಅಂತ ಕೇಳಿ. ಸ್ಕೀ ಬೂಟು ಹಾಕಿಕೊಂಡು, ಹೆಗಲ ಮೇಲೆ ನಿಮ್ಮ ಸ್ಕೀ, ಕೈಯಲ್ಲಿ ಮಗುವಿನ ಸ್ಕೀ ಹಿಡಿದು ಹಿಮದಲ್ಲಿ ಒಂದು ಕಿಲೋಮೀಟರ್ ನಡೆದರೆ ಅಲ್ಲಿಗೆ ಅವತ್ತಿನ ಉತ್ಸಾಹ ಮುಗಿಯಿತು. ತಂಗ್ಮಾರ್ಗ್‌ನಲ್ಲಿ ಅಗ್ಗದ ಹೋಟೆಲ್ ಸಿಗುತ್ತದೆ, ಆದರೆ ಅದು ಗುಲ್ಮಾರ್ಗ್‌ನಿಂದ ಹದಿಮೂರು ಕಿ.ಮೀ. ಕೆಳಗೆ. ದಿನಾ ಹತ್ತಿ ಇಳಿಯುವುದರಲ್ಲಿ ಅರ್ಧ ದಿನ ಹೋಗುತ್ತದೆ. ಕಲಿಯುವವರಿಗೆ ಅದು ಬೇಡ.

ಆಮೇಲೆ ಬಿಸಿಯ ವಿಷಯ. ಇಡೀ ಕಟ್ಟಡಕ್ಕೆ ಹೀಟಿಂಗ್ ಇದೆಯಾ, ಇಲ್ಲ ರೂಮಿಗೊಂದು ಹೀಟರಾ? ಕರೆಂಟ್ ಹೋದರೆ ಜನರೇಟರ್ ಎಷ್ಟು ಹೊತ್ತು ಓಡುತ್ತದೆ? ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಒದ್ದೆ ಗ್ಲೌಸು, ಬೂಟು ಒಣಗಿಸಲು ಜಾಗ ಇದೆಯಾ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ರಾತ್ರಿ ಒಣಗದ ಗ್ಲೌಸನ್ನು ಬೆಳಿಗ್ಗೆ ಹಾಕಿಕೊಂಡರೆ ಗೊತ್ತಾಗುತ್ತದೆ.

ಕೆಲವು ಕಡೆ ಬುಖಾರಿ ಅಂತ ಸೌದೆ ಒಲೆ ಇರುತ್ತದೆ. ಹೊಗೆ ಹೊರಗೆ ಹೋಗುವ ಕೊಳವೆ ಸರಿ ಇದೆಯಾ ನೋಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಅದರ ವಿಷಗಾಳಿಗೆ ವಾಸನೆ ಇರುವುದಿಲ್ಲ. ಮಲಗಿದವರು ಏಳುವುದಿಲ್ಲ.

ಕಲಿಸುವವರನ್ನು, ಸಲಕರಣೆಯನ್ನು ಹೇಗೆ ಗುರುತಿಸುವುದು?

ಗೊಂಡೊಲಾ ಹತ್ತಿರ ಹೋದರೆ ‘ಗೈಡ್ ಬೇಕಾ’ ಅಂತ ಹತ್ತು ಜನ ಮುತ್ತಿಕೊಳ್ಳುತ್ತಾರೆ. ಊರಿನಿಂದಲೇ ಮಾತಾಡಿಟ್ಟುಕೊಂಡು ಹೋಗಿ. ಗುರುತಿನ ಚೀಟಿ ಕೇಳಿ. ದಿನಕ್ಕೆ ಎಷ್ಟು ಗಂಟೆ, ಒಬ್ಬರಿಗೆ ಎಷ್ಟು ಜನ ಕಲಿಯುವವರು ಅನ್ನುವುದನ್ನು ಬರಹದಲ್ಲಿ ತರಿಸಿಕೊಳ್ಳಿ. ಮನೆಯ ನಾಲ್ವರಿಗೆ ಒಬ್ಬರು ಸಾಕು. ಆದರೆ ಮಕ್ಕಳೂ ದೊಡ್ಡವರೂ ಬೇರೆ ಬೇರೆ ಹೊತ್ತಿಗೆ ಕಲಿತರೆ ಜಗಳ ಕಡಿಮೆ.

ಬಾಡಿಗೆ ಅಂಗಡಿಗೆ ನಾನು ಇಟ್ಟುಕೊಂಡ ಪರೀಕ್ಷೆ ಒಂದೇ. ನಿಮ್ಮ ತೂಕ ಕೇಳದೆ ಸ್ಕೀ ಕೊಟ್ಟರೆ ಆ ಅಂಗಡಿ ಬಿಟ್ಟು ಮುಂದೆ ಹೋಗಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ಗೆ ಒಂದು ಸ್ಪ್ರಿಂಗ್ ಇರುತ್ತದೆ. ಬಿದ್ದಾಗ ಅದು ತಾನೇ ಬಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಸ್ಕೀ ಜೊತೆಗೆ ಮೊಣಕಾಲೂ ತಿರುಚಿಕೊಳ್ಳುತ್ತದೆ. ಎಷ್ಟು ಬಿಗಿ ಇರಬೇಕು ಅನ್ನುವುದು ತೂಕ, ಎತ್ತರ, ಬೂಟಿನ ಅಳತೆ, ಎಷ್ಟು ಬರುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಸ್ಕೀ ಉದ್ದ ಹೊಸಬರಿಗೆ ಗಲ್ಲದ ಮಟ್ಟಕ್ಕೆ ಬಂದರೆ ಸಾಕು. ಹೆಲ್ಮೆಟ್ ಎಲ್ಲರಿಗೂ ಬೇಕು, ಮುಖ್ಯವಾಗಿ ‘ನನಗೆ ಬೇಡ’ ಅನ್ನುವ ಗಂಡಸರಿಗೆ.

ಬೂಟಿಗೆ ಸಮಯ ಕೊಡಿ. ಹಾಕಿಕೊಂಡು ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ಸ್ವಲ್ಪ ತಾಗಬೇಕು. ಮಂಡಿ ಮುಂದಕ್ಕೆ ಬಾಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಏಳಬಾರದು. ಕಾಲುಚೀಲ ಒಂದೇ ಜೊತೆ. ಎರಡು ಹಾಕಿದರೆ ಬೆಚ್ಚಗಿರುತ್ತದೆ ಅಂದುಕೊಳ್ಳುತ್ತೇವೆ, ಆದರೆ ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಮೊದಲ ದಿನ ಮಗ ಹತ್ತೇ ನಿಮಿಷಕ್ಕೆ ಕಾಲು ನೋವು ಅಂತ ಅತ್ತ. ಬೂಟು ಸಣ್ಣದು ಅಂದುಕೊಂಡೆ. ಕಲಿಸುವ ಹಿರಿಯರು ಮಂಡಿಯೂರಿ ಕೂತು ಬಕಲ್ ಬಿಚ್ಚಿದರು. ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಮಡಚಿಕೊಂಡಿತ್ತು. ಮೊಣಕಾಲ ಕೆಳಗೆ ದಾರ ಕಟ್ಟಿದ ಹಾಗೆ ಕೆಂಪು ಗೆರೆ. ಅವರು ಅಂಚನ್ನು ಮೇಲೆ ಸುತ್ತಿ, ಕಾಲುಚೀಲವನ್ನು ನೆರಿಗೆ ಇಲ್ಲದ ಹಾಗೆ ಎಳೆದು, ಬಕಲ್ ಹಾಕಿದರು. ಅಷ್ಟೇ. ಸಂಜೆವರೆಗೆ ಹುಡುಗ ಬೂಟಿನ ಸುದ್ದಿ ಎತ್ತಲಿಲ್ಲ.

ಮೊದಲ ದಿನ ಏನು ಕಲಿಸುತ್ತಾರೆ?

ಬೀಳುವುದು, ಏಳುವುದು, ನಿಲ್ಲುವುದು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ ಹಿಮವನ್ನು ಒತ್ತಿದರೆ ವೇಗ ಕಡಿಮೆಯಾಗುತ್ತದೆ. ಇದಕ್ಕೆ ಸ್ನೋಪ್ಲೋ ಅನ್ನುತ್ತಾರೆ. ಇದು ಬಂದರೆ ಭಯ ಅರ್ಧ ಹೋದ ಹಾಗೆ. ಹೊಸಬರೆಲ್ಲ ಮಾಡುವ ತಪ್ಪು ಹಿಂದಕ್ಕೆ ವಾಲುವುದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದರೆ ನಾವು ಹಿಂದಕ್ಕೆ ವಾಲುತ್ತೇವಲ್ಲ, ಹಾಗೆ. ಸ್ಕೀ ಮೇಲೆ ಹಿಂದೆ ವಾಲಿದರೆ ಅದು ನಿಮ್ಮ ಮಾತು ಕೇಳುವುದಿಲ್ಲ. ಮುಂದಕ್ಕೇ ಬಾಗಬೇಕು. ಹೊರಡುವ ಆರು ವಾರ ಮೊದಲಿನಿಂದ ದಿನಾ ಹತ್ತು ನಿಮಿಷ ಗೋಡೆಗೆ ಒರಗಿ ಕುರ್ಚಿ ಹಾಗೆ ಕೂರುವುದು, ಬಸ್ಕಿ ಹೊಡೆಯುವುದು ಮಾಡಿ. ಹಾಸನದಲ್ಲಿರುವ ನನ್ನ ಭಾವ ಇದನ್ನು ಕೇಳಿ ನಕ್ಕಿದ್ದರು. ಎರಡನೇ ದಿನ ಅವರು ಮೆಟ್ಟಿಲನ್ನು ಹಿಂದು ಹಿಂದಾಗಿ ಇಳಿದರು.

ಸ್ನೋಬೋರ್ಡ್ ಸುಲಭವಂತೆ, ಹೌದಾ?

ಮೊದಲ ಎರಡು ದಿನ ಸ್ಕೀಗಿಂತ ಕಷ್ಟ. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತದೆ. ಬಿದ್ದಾಗ ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವವರು ಜಾಸ್ತಿ. ನಾಲ್ಕು ದಿನದ ರಜೆಗೆ ಬೇಡ.

ಅಫರ್ವತ್ ಮೇಲಿನಿಂದ ಸ್ಕೀ ಮಾಡಿದರೆ?

ಬೇಡ. ಅದು ಚೆನ್ನಾಗಿ ಬರುವವರ ಜಾಗ. ಅಲ್ಲಿ ಹಿಮಕುಸಿತ ಆಗುತ್ತದೆ, ವಿದೇಶದಿಂದ ಬಂದ ನುರಿತ ಸ್ಕೀಯರ್‌ಗಳೇ 2023 ಮತ್ತು 2024ರ ಫೆಬ್ರವರಿಯಲ್ಲಿ ಸತ್ತಿದ್ದಾರೆ. ಹಗ್ಗ ಕಟ್ಟಿದ ಗಡಿ ದಾಟಬೇಡಿ. ನೋಡಲು ಹೋಗುವುದಾದರೆ ಗೊಂಡೊಲಾ ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆಯಿರಿ. ಗಾಳಿ ಜಾಸ್ತಿ ಇದ್ದರೆ ಎರಡನೇ ಹಂತ ಮುಚ್ಚಿರುತ್ತದೆ.

ಬಟ್ಟೆ ಕೊಳ್ಳಬೇಕಾ, ಬಾಡಿಗೆ ಸಿಗುತ್ತಾ?

ಮೇಲಿನ ಕೋಟು, ಗಂಬೂಟು ತಂಗ್ಮಾರ್ಗ್‌ನಲ್ಲೇ ಬಾಡಿಗೆಗೆ ಸಿಗುತ್ತದೆ. ಹಿಮ ನೋಡಲು ಅಷ್ಟು ಸಾಕು. ಕಲಿಯುವವರಿಗೆ ನೀರು ಹೋಗದ ಪ್ಯಾಂಟು, ಜಾಕೆಟ್ ಬೇಕು. ಒಳಗೆ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಮೇಲೆ ಜಾಕೆಟ್. ಮೈಗೆ ತಾಗಿದ ಹಾಗೆ ಕಾಟನ್ ಬನಿಯನ್ ಬೇಡ. ಬೆವರು ಹೀರಿ ಒದ್ದೆಯಾಗಿ ಮೈ ತಣ್ಣಗೆ ಮಾಡುತ್ತದೆ. ಜೀನ್ಸ್ ಅಂತೂ ಮರೆತುಬಿಡಿ. ಗ್ಲೌಸು ಎರಡು ಜೊತೆ ಇರಲಿ. ಕಣ್ಣಿಗೆ ಗಾಗಲ್ಸ್ ಕಡ್ಡಾಯ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣದಲ್ಲಿ ಶೇಕಡ 80ರವರೆಗೂ ಮೇಲಕ್ಕೆ ಎಸೆಯುತ್ತದೆ. ಮೋಡ ಇದ್ದರೂ ಸನ್‌ಸ್ಕ್ರೀನ್ ಹಚ್ಚಿ, ಮೂಗಿನ ಕೆಳಗೂ ಗಲ್ಲದ ಕೆಳಗೂ.

ಊಟಕ್ಕೆ ಏನು ಮಾಡುವುದು? ಕಾಫಿ ಸಿಗುತ್ತಾ?

ಸಸ್ಯಾಹಾರ ಸಿಗುತ್ತದೆ. ಪನೀರ್, ದಾಲ್, ರಾಜ್ಮಾ ಅನ್ನ. ಮೂರನೇ ದಿನಕ್ಕೆ ನಾಲಿಗೆ ಮುಷ್ಕರ ಹೂಡುತ್ತದೆ. ನಾವು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ತೆಳು ಅವಲಕ್ಕಿ, ಕೋಡುಬಳೆ ತೆಗೆದುಕೊಂಡು ಹೋಗುತ್ತೇವೆ. ಅವಲಕ್ಕಿಗೆ ಬಿಸಿನೀರು ಚಿಮುಕಿಸಿದರೆ ತಿಂಡಿ ಮುಗಿಯಿತು. ಅಷ್ಟು ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಅನ್ನ ಬೇಯಲು ಹೊತ್ತು ಹಿಡಿಯುತ್ತದೆ, ಆದರೆ ಕಾಫಿಗೆ ಏನೂ ತೊಂದರೆ ಇಲ್ಲ.

ಅಲ್ಲಿ ಕಾಫಿ ಕೇಳಿದರೆ ಇನ್‌ಸ್ಟಂಟ್ ಪುಡಿಯನ್ನು ನೊರೆ ಬರಿಸಿ ಕೊಡುತ್ತಾರೆ. ತೋಟ ಇಟ್ಟುಕೊಂಡವರಿಗೆ ಅದು ಶಿಕ್ಷೆ. ಹೆಂಡತಿ ಸಣ್ಣ ಫಿಲ್ಟರ್, ಮನೆಯ ಪುಡಿ ತಂದಿದ್ದಳು. ಕೆಟಲ್ ನೀರು ಹಾಕಿ ಫಿಲ್ಟರನ್ನು ಉಣ್ಣೆ ಟೊಪ್ಪಿಯೊಳಗೆ ಮುಚ್ಚಿಟ್ಟಳು, ಇಲ್ಲದಿದ್ದರೆ ಇಳಿಯುವಷ್ಟರಲ್ಲಿ ಡಿಕಾಕ್ಷನ್ ತಣ್ಣಗಾಗುತ್ತಿತ್ತು. ರೂಮ್ ಹುಡುಗನಿಗೂ ಒಂದು ಲೋಟ ಕೊಟ್ಟಳು. ಅವನು ಕುಡಿದು ಮುಖ ಹಿಂಡಿದ. ಮರುದಿನ ನಮಗೆ ಉಪ್ಪು ಹಾಕಿದ ನೂನ್ ಚಾಯ್ ತಂದುಕೊಟ್ಟ. ಮುಖ ಹಿಂಡುವ ಸರದಿ ನಮ್ಮದು.

ಇಲ್ಲಿಂದ ಹೋಗುವುದು ಹೇಗೆ?

ಚಿಕ್ಕಮಗಳೂರಿನಿಂದ ಬೆಂಗಳೂರು ಸುಮಾರು 245 ಕಿ.ಮೀ., ಹಾಸನದಿಂದ 185. ವಿಮಾನ ನಿಲ್ದಾಣ ಊರಿನ ಆಚೆ ತುದಿಯಲ್ಲಿದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಶ್ರೀನಗರ. ಡಿಸೆಂಬರ್ ಕೊನೆ, ಜನವರಿಯಲ್ಲಿ ದೆಹಲಿಯ ಮಂಜಿಗೆ ಬೆಳಗಿನ ವಿಮಾನಗಳು ತಡವಾಗುತ್ತವೆ, ಶ್ರೀನಗರದಲ್ಲಿ ಹಿಮ ಬಿದ್ದರೆ ರದ್ದೂ ಆಗುತ್ತವೆ. ಎರಡು ವಿಮಾನಗಳ ನಡುವೆ ಐದಾರು ಗಂಟೆ ಇಡಿ. ವಾಪಸ್ ಬರುವಾಗ ಒಂದು ದಿನ ಕೈಯಲ್ಲಿರಲಿ. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆ ರೈಲೂ ಇದೆ. ಚೆನಾಬ್ ಸೇತುವೆ ಮೇಲೆ ಹೋಗುತ್ತದೆ, ನದಿಯಿಂದ 359 ಮೀಟರ್ ಎತ್ತರ.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ಹಿಮ ಜಾಸ್ತಿ ಇದ್ದರೆ ತಂಗ್ಮಾರ್ಗ್‌ನಲ್ಲಿ ಇಳಿದು, ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಹತ್ತಬೇಕು. ಆ ಬಾಡಿಗೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಬೇಕು. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ.

ದುಡ್ಡು ಎಲ್ಲಿ ಜಾಸ್ತಿ ಹೋಗುತ್ತದೆ?

ವಿಮಾನಕ್ಕೆ, ಆಮೇಲೆ ಹೋಟೆಲಿಗೆ. ಸ್ಕೀ ಬಾಡಿಗೆ, ಕಲಿಸುವವರ ಫೀಸು ಅದರ ಮುಂದೆ ಸಣ್ಣದು. ನಮ್ಮವರು ಉಲ್ಟಾ ಮಾಡುತ್ತಾರೆ. ಹೋಟೆಲಿಗೆ ಸುರಿದು, ಕಲಿಸುವವರ ಹತ್ತಿರ ಚೌಕಾಸಿ. ಹೋಟೆಲ್ ಒಂದು ಮೆಟ್ಟಿಲು ಇಳಿಸಿ, ಪಾಠ ಒಂದು ದಿನ ಜಾಸ್ತಿ ಮಾಡಿ. ಚೌಕಾಸಿ ಮಾಡಬೇಕಾದ್ದು ಸ್ಲೆಡ್ಜ್ ಎಳೆಯುವವರ ಹತ್ತಿರ, ಅದೂ ಮರ್ಯಾದೆಯಿಂದ. ಹಿಮದಲ್ಲಿ ನಿಮ್ಮನ್ನು ಎಳೆಯುವುದು ಸುಲಭದ ಕೆಲಸವಲ್ಲ.

ವಿಮೆ ಮಾಡಿಸುವಾಗ ಸ್ಕೀಯಿಂಗ್ ಸೇರಿದೆಯಾ ಅಂತ ಓದಿ ನೋಡಿ. ಬಹಳ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಸೇರಿರುವುದಿಲ್ಲ.

ವಿದೇಶಕ್ಕೇ ಹೋದರೆ?

ಎರಡನೇ ಸಲಕ್ಕೆ ಯೋಚಿಸಿ. ಮಕ್ಕಳಿಗೆ ಇಷ್ಟವಾಯಿತಾ ಇಲ್ಲವಾ ಅಂತ ಗೊತ್ತಾದ ಮೇಲೆ. ಹತ್ತಿರದಲ್ಲಿ ಕಜಾಕ್‌ಸ್ತಾನದ ಆಲ್ಮಾಟಿ ಊರಿನ ಪಕ್ಕ ಶಿಂಬುಲಾಕ್ ಇದೆ. ತಳ 2,260 ಮೀಟರ್, ತುದಿ ಸುಮಾರು 3,200. ಊರಲ್ಲಿ ಉಳಿದು ಕೇಬಲ್ ಕಾರಿನಲ್ಲಿ ಹೋಗಿ ಬರಬಹುದು. ಭಾರತೀಯರಿಗೆ 14 ದಿನದವರೆಗೆ ವೀಸಾ ಬೇಡ ಅಂತ 2022ರಲ್ಲಿ ಮಾಡಿದರು. ಹೊರಡುವ ಮುಂಚೆ ಆ ನಿಯಮ ಹಾಗೇ ಇದೆಯಾ ನೋಡಿಕೊಳ್ಳಿ. ಅಲ್ಲಿ ಮಾಂಸವೇ ಮುಖ್ಯ ಊಟ, ಸಸ್ಯಾಹಾರಿಗಳು ಚೀಲ ತುಂಬಿಕೊಂಡು ಹೋಗಬೇಕು.

ಯುರೋಪಿನಲ್ಲಿ ಇಳಿಜಾರುಗಳಿಗೆ ಬಣ್ಣ ಇರುತ್ತದೆ. ಹಸಿರು, ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಇನ್ನೂ ಕಷ್ಟ. ರೆಸಾರ್ಟ್ ಆರಿಸುವಾಗ ‘ಒಟ್ಟು ಇಷ್ಟು ಕಿ.ಮೀ.’ ಅನ್ನುವ ಅಂಕಿ ಬಿಟ್ಟು, ಹಸಿರು ನೀಲಿ ಎಷ್ಟಿದೆ ನೋಡಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ 30,000 ಯೂರೋ ಮೊತ್ತದ ವಿಮೆ ಬೇಕೇ ಬೇಕು. ಮಕ್ಕಳ ಏಪ್ರಿಲ್ ಮೇ ರಜೆಯಲ್ಲೇ ಹಿಮ ಬೇಕು ಅಂದರೆ ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ತುದಿಯಲ್ಲಿ ಇರುತ್ತದೆ, ನೋಡಿ ಬರಬಹುದು. ದುಬೈಯ ಮಾಲ್ ಆಫ್ ದಿ ಎಮಿರೇಟ್ಸ್‌ನೊಳಗೆ 2005ರಿಂದ ಇರುವ ಸ್ಕೀ ದುಬೈ ಒಂದು ಮಧ್ಯಾಹ್ನಕ್ಕೆ ಸರಿ. ಬೇರೆ ಕೆಲಸಕ್ಕೆ ದುಬೈಗೆ ಹೋದವರು ಮಕ್ಕಳಿಗೆ ಅಲ್ಲಿ ರುಚಿ ತೋರಿಸಿ ಬನ್ನಿ.

ವಾಪಸ್ ಬಂದ ಮೇಲೆ ಆ ಜಾಕೆಟ್‌ಗಳನ್ನು ಏನು ಮಾಡುತ್ತೀರಿ?

ಇದನ್ನು ಕೇಳಿದವರು ಒಬ್ಬರೇ, ಮೂಡಿಗೆರೆಯ ಅಕ್ಕ. ಸರಿಯಾದ ಪ್ರಶ್ನೆ. ನಮ್ಮ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ದಪ್ಪ ಜಾಕೆಟ್ ಬಿಡುತ್ತದೆಯೇ? ಮೊದಲ ವರ್ಷ ಹಾಗೇ ಇಟ್ಟು ಒಂದನ್ನು ಹಾಳು ಮಾಡಿಕೊಂಡೆವು. ಈಗ ಮೇ ತಿಂಗಳಲ್ಲಿ ಒಳ್ಳೆ ಬಿಸಿಲಿಗೆ ಹಾಕಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಡುಗೆಮನೆಯ ಅಟ್ಟದ ಮೇಲೆ ಇಡುತ್ತೇವೆ. ಒಲೆಯ ಬಿಸಿ ಇರುತ್ತದೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಹಿಮದಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಮಕ್ಕಳಿಗೆ ಸಣ್ಣದಾದ ಎರಡು ಜಾಕೆಟ್ ಈಗ ಅದೇ ಅಕ್ಕನ ಮನೆಯಲ್ಲಿವೆ. ಈ ಸಲ ಅವರು ಹೊರಟಿದ್ದಾರೆ, ಕೊಯ್ಲು ಮುಗಿದರೆ.